ತುಕ್ಕಿನ ಬಣ್ಣ

“ಗುರುಗಳೇ, ನಾಳೆಯ ದೀಕ್ಷೆಯನ್ನು ಮುಂದಕ್ಕೆ ಹಾಕಬಹುದೇ?” ಎಂದು ಶಿಷ್ಯ ಕೇಳಿದ.

ಸಂಜೆಯ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಅವನಿಗಾಗಿ ಕಾವಿಯಲ್ಲಿ ಅದ್ದಿ ತೆಗೆದ ಬಟ್ಟೆ ಅಂಗಳದ ಹಗ್ಗದ ಮೇಲೆ ಒಣಗುತ್ತಿತ್ತು. ಅವನು ಅದಕ್ಕೆ ಬೆನ್ನು ಮಾಡಿ ಕುಳಿತಿದ್ದ.

ಗುರುಗಳು ಕಾರಣ ಕೇಳಿದರು.

“ನಾನಿನ್ನೂ ಶುದ್ಧನಾಗಿಲ್ಲ. ನೀವು ನನಗಿಂತ ಕಿರಿಯ ಶಿಷ್ಯನ ಪಾಠವನ್ನು ಮೆಚ್ಚಿದಾಗಲೆಲ್ಲ ನನಗೆ ಹೊಟ್ಟೆಯುರಿ. ಧ್ಯಾನಕ್ಕೆ ಕುಳಿತು ಅದನ್ನು ಕಿತ್ತು ಹಾಕುತ್ತೇನೆ. ಏನೂ ಉಳಿದಿಲ್ಲವೆಂದು ನೋಡಿಕೊಂಡೇ ಮಲಗುತ್ತೇನೆ. ಬೆಳಗ್ಗೆ ಎದ್ದರೆ ಮತ್ತೆ ಅಲ್ಲೇ ಇರುತ್ತದೆ. ಎಲ್ಲಿಂದ ಬರುತ್ತದೆಂದೇ ತಿಳಿಯುತ್ತಿಲ್ಲ. ಅದು ಪೂರ್ತಿ ಹೋದ ಮೇಲೆ ಕಾವಿ ಉಡುತ್ತೇನೆ. ಅಲ್ಲಿಯವರೆಗೆ ಈ ಬಿಳಿ ಬಟ್ಟೆಯೇ ಇರಲಿ.”

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಹಳೆಯ ವ್ಯಾನಿನಲ್ಲಿ ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಮಾರುವುದು ಅವನ ಕಸುಬು. ಒಂದು ಮಳೆಗಾಲ ಮುಗಿದಾಗ ವ್ಯಾನಿನ ಬಾಗಿಲ ತಳದಲ್ಲಿ ಬಣ್ಣ ಗುಳ್ಳೆಯಂತೆ ಉಬ್ಬಿರುವುದು ಅವನ ಕಣ್ಣಿಗೆ ಬಿತ್ತು. ಉಗುರಿನಿಂದ ಒತ್ತಿದ. ಬಣ್ಣ ಹಪ್ಪಳದಂತೆ ಮುರಿದು, ಒಳಗಿನಿಂದ ಕೆಂಪು ಪುಡಿ ಉದುರಿತು.

ಆ ಮಾದರಿಯ ವ್ಯಾನು ತಯಾರಾಗುವುದು ಎಂದೋ ನಿಂತುಹೋಗಿತ್ತು. ಅದರ ಬಾಗಿಲು ಎಲ್ಲಿ ಹುಡುಕಿದರೂ ಸಿಗುವಂಥದ್ದಲ್ಲ. ಬಾಗಿಲು ಹೋದರೆ ವ್ಯಾನು ಹೋದಂತೆ. ವ್ಯಾನು ಹೋದರೆ ಕಸುಬು ಹೋದಂತೆ. ಅದನ್ನು ಬೇರೆಯವರ ಕೈಗೆ ಕೊಡಲು ಅವನಿಗೆ ಧೈರ್ಯ ಬರಲಿಲ್ಲ. ಮನೆಯಲ್ಲೇ ಸರಿಮಾಡುತ್ತೇನೆಂದು ಬಣ್ಣದ ಅಂಗಡಿಗೆ ಹೋದ.

ಅಂಗಡಿಯವನು ಉಪ್ಪುಕಾಗದ ಕೊಟ್ಟ. ಒಂದು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. “ತುಕ್ಕನ್ನು ಚೆನ್ನಾಗಿ ಉಜ್ಜಿ ತೆಗೆಯಿರಿ. ತಗಡು ಬೆಳ್ಳಗೆ ಕಂಡ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ ಇದನ್ನು ಬಳಿಯಿರಿ. ತಡಮಾಡಬೇಡಿ.”

ವ್ಯಾಪಾರಿ ಡಬ್ಬಿಯೊಳಗೆ ನೋಡಿದ. ತನ್ನ ಉಗುರಿನ ಸಂದಿಯಲ್ಲಿ ಉಳಿದಿದ್ದ ಪುಡಿಯನ್ನು ನೋಡಿದ. ಎರಡೂ ಒಂದೇ ಬಣ್ಣ.

“ಏನಯ್ಯಾ, ತುಕ್ಕು ತೆಗೆದು ತುಕ್ಕನ್ನೇ ಬಳಿ ಎನ್ನುತ್ತೀಯಲ್ಲ?”

“ಬಣ್ಣ ತುಕ್ಕಿನದೇ, ಶೆಟ್ಟರೇ. ಇದಕ್ಕೆ ಕಾವಿ ಎನ್ನುತ್ತೇವೆ. ತುಕ್ಕು ತಗಡನ್ನು ತಿನ್ನುತ್ತದೆ, ಕಾವಿ ತಗಡನ್ನು ಕಾಯುತ್ತದೆ.”

ವ್ಯಾಪಾರಿಗೆ ಈ ಮಾತು ತಲೆಗೆ ಹತ್ತಲಿಲ್ಲ. ಆದರೂ ಡಬ್ಬಿಯನ್ನು ತಂದು ಕಿಟಕಿಯ ಮೇಲಿಟ್ಟ. ಮೊದಲು ತಗಡು ನಿಷ್ಕಳಂಕವಾಗಲಿ, ಈ ಕೆಂಪು ಬೇಕೋ ಬೇಡವೋ ಆಮೇಲೆ ನೋಡೋಣ ಎಂದುಕೊಂಡ.

ಅವನು ಶ್ರದ್ಧೆಯಿಂದ ಉಜ್ಜಿದ. ಸಂಜೆಯ ವೇಳೆಗೆ ತಗಡು ಬೆಳ್ಳಗೆ ಕಂಡಿತು. ಆದರೆ ಅವನ ಕೈಗೆ ಬೇರೊಂದು ಅಭ್ಯಾಸವಿತ್ತು. ಹುಣಸೆಹಣ್ಣು ಹಚ್ಚಿ, ತಿಕ್ಕಿ, ತೊಳೆಯದೆ ಒಂದು ತಂಬಿಗೆಯೂ ಅವನ ವ್ಯಾನು ಏರುತ್ತಿರಲಿಲ್ಲ. ತಾಮ್ರಕ್ಕೆ ಮಾಡಿದ್ದನ್ನೇ ತಗಡಿಗೂ ಮಾಡಿದ. ಧಾರಾಳವಾಗಿ ನೀರು ಹೊಯ್ದು, ಕನ್ನಡಿಯಂತೆ ಹೊಳೆಯುವುದನ್ನು ಕಂಡು, ತೃಪ್ತಿಯಿಂದ ಊಟಕ್ಕೆ ಹೋದ.

ಬೆಳಗ್ಗೆ ನೋಡಿದರೆ ಹೊಳಪಿನ ಮೇಲೆಲ್ಲ ತೆಳುವಾದ ಕೆಂಪು, ಚಹಾ ಚೆಲ್ಲಿ ಆರಿದ ಹಾಗೆ.

ವ್ಯಾಪಾರಿ ಗೊಂದಲಕ್ಕೆ ಬಿದ್ದ. ನಿನ್ನೆ ಒಂದು ಚುಕ್ಕೆಯೂ ಇರಲಿಲ್ಲ. ಇದು ಹೊರಗಿನಿಂದ ಬಂತೋ, ಒಳಗೇ ಅಡಗಿತ್ತೋ? ಮತ್ತೆ ಉಜ್ಜಿದ. ಮತ್ತೆ ತೊಳೆದ. ಮರುದಿನ ಮತ್ತೆ ಕೆಂಪು. ಬಾವಿಯ ನೀರಿನ ಮೇಲೆ ಸಂಶಯ ಬಂತು. ನಲ್ಲಿಯ ನೀರು ತಂದ. ಹುಣಸೆ ಹಳೆಯದೆಂದು ಹೊಸ ಹುಣಸೆ ತಂದ. ಮಂಜು ಬೀಳುತ್ತದೆಂದು ಬಾಗಿಲಿಗೆ ಕಂಬಳಿ ಹೊದಿಸಿದ. ಎಲ್ಲದರ ಮೇಲೂ ಸಂಶಯಪಟ್ಟ ಅವನಿಗೆ, ತೊಳೆಯುವುದರ ಮೇಲೆ ಮಾತ್ರ ಸಂಶಯ ಬರಲಿಲ್ಲ.

“ಇವತ್ತೂ ಬಾಗಿಲಿಗೆ ಅಭ್ಯಂಜನವೇ?” ಎಂದು ಹೆಂಡತಿ ಕೇಳಿದಳು. “ಸಾರಿಗೆ ಹುಣಸೆ ಇಲ್ಲ. ಆ ಡಬ್ಬಿ ತಂದದ್ದು ಕಿಟಕಿಗೆ ಕಾವಲು ಕೂರಲಿ ಎಂದೇನು?”

“ಕಲೆ ಇರುವಾಗ ಬಳಿದರೆ ಅದು ಮೋಸವಾಗುತ್ತದೆ ಕಣೇ. ಪೂರ್ತಿ ಹೋಗಲಿ. ಬಳಿಯುತ್ತೇನೆ.”

ಸಂತೆಗಳು ಅವನಿಲ್ಲದೆ ನಡೆದವು. ಅವನು ಉಜ್ಜುತ್ತಲೇ ಇದ್ದ. ಪ್ರತಿ ಸಲವೂ ತುಕ್ಕಿನ ಜೊತೆಗೆ ತಗಡೂ ಒಂದಿಷ್ಟು ಹೋಗುತ್ತಿತ್ತು. ಅದು ಅವನ ಕಣ್ಣಿಗೆ ಕಾಣಲಿಲ್ಲ. ಅವನು ನೋಡುತ್ತಿದ್ದುದು ಹೊಳಪನ್ನು. ಒಂದು ದಿನ ಉಜ್ಜುತ್ತಿರುವಾಗ ಅವನ ಹೆಬ್ಬೆರಳು ಬಾಗಿಲನ್ನು ದಾಟಿ ಒಳಗೆ ಹೋಯಿತು.

ಅವನು ಬೆರಳನ್ನು ಹೊರಗೆಳೆದು ತೂತಿನೊಳಗೆ ಬಗ್ಗಿ ನೋಡಿದ. ಅಲ್ಲಿ ಈಗ ತುಕ್ಕು ಇರಲಿಲ್ಲ. ತಗಡೂ ಇರಲಿಲ್ಲ. ಡಬ್ಬಿ ಕಿಟಕಿಯ ಮೇಲೆಯೇ ಇತ್ತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಶಿಷ್ಯ ಕಾದ. ಮುಂದೆ ಏನೋ ಇರಬೇಕೆಂದು ಅವನಿಗೆ ತೋರಿತ್ತು. ಏನೂ ಬರಲಿಲ್ಲ. ವ್ಯಾಪಾರಿ ಸೋಮಾರಿಯಲ್ಲ, ಮೋಸಗಾರನೂ ಅಲ್ಲ. ಆದರೂ ಅವನ ಬಾಗಿಲು ಹೋಯಿತು. ಇದರಲ್ಲಿ ತಾನು ಹಿಡಿದುಕೊಳ್ಳಬೇಕಾದದ್ದು ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ.

“ಹಾಗಾದರೆ ಉಜ್ಜಿದ್ದೇ ತಪ್ಪೇ?”

“ಉಜ್ಜದೆ ಬಳಿದಿದ್ದರೆ ತುಕ್ಕು ಒಳಗೊಳಗೇ ತಿನ್ನುತ್ತಿತ್ತು.”

“ಉಜ್ಜಿದರೂ ಮತ್ತೆ ಬರುತ್ತದೆ ಎಂದಿರಿ.”

“ಬರುತ್ತದೆ.”

ಶಿಷ್ಯ ಇನ್ನಷ್ಟು ಗೊಂದಲಗೊಂಡ. ಮೊದಲ ಬಾರಿಗೆ ಹಿಂದಕ್ಕೆ ತಿರುಗಿ ಹಗ್ಗದ ಮೇಲಿನ ಬಟ್ಟೆಯನ್ನು ನೋಡಿದ.

“ನಾಳೆ ಬೆಳಗ್ಗೆಯೂ ಆ ಹೊಟ್ಟೆಯುರಿ ನನ್ನಲ್ಲಿ ಇದ್ದೇ ಇರುತ್ತದೆ, ಗುರುಗಳೇ. ಅದನ್ನು ಇಟ್ಟುಕೊಂಡು ಈ ಬಟ್ಟೆಯನ್ನು ಹೇಗೆ ಉಡಲಿ?”

ಗುರುಗಳು ಎದ್ದು ಹೋಗಿ, ಬಟ್ಟೆ ಒಣಗಿದೆಯೇ ಎಂದು ಅದರ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಅದನ್ನು ಹಗ್ಗದಿಂದ ತೆಗೆದು ಅವನ ಮಡಿಲಿಗೆ ಹಾಕಿ ಹೇಳಿದರು:

“ಇದು ಯಾವುದರ ಬಣ್ಣವೆಂದುಕೊಂಡಿದ್ದೀಯ?”