ರೇಡಿಯೇಟರಿನ ತಲೆಯಲ್ಲಿ ಕೂತ ಗಾಳಿ

ಹಿಮ ಬೀಳುವ ಊರಿನ ಒಂದು ಮನೆಯಲ್ಲಿ, ಕೋಣೆಯನ್ನು ಬೆಚ್ಚಗಿಡಲು ಬಿಸಿನೀರು ತುಂಬಿದ ರೇಡಿಯೇಟರ್ ಒಂದಿತ್ತು. ಅದರ ಕಾಲು ಬಿಸಿ, ತಲೆ ತಣ್ಣಗೆ. ತಲೆಯೊಳಗೆ ಗಾಳಿ ಸೇರಿಕೊಂಡು ನೀರನ್ನು ಮೇಲೇರಲು ಬಿಡುತ್ತಿರಲಿಲ್ಲ. ಅಂಥ ಗಾಳಿಯನ್ನು ಹೊರಬಿಡಲೆಂದೇ ತಲೆಯಲ್ಲಿ ಕೀಲಿಯಿಂದ ತಿರುಗಿಸುವ ಪುಟ್ಟ ಸ್ಕ್ರೂ ಒಂದಿತ್ತು.

"ತೊಟ್ಟಿಲಲ್ಲಿ ಮಗು ನಡುಗುತ್ತಿದೆ, ಬೇಗ ಬನ್ನಿ" ಎಂದು ಮನೆಯೊಡತಿ ರಿಪೇರಿಯವನನ್ನು ಕರೆಸಿದಳು.

ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳ ಕೇಳಿತು. ಗಾಳಿ ಪಿಸುಗುಟ್ಟಿತು: "ಕೀಲಿ ತರುತ್ತಿದ್ದಾನೆ. ನಿನ್ನ ತಲೆಯ ಸ್ಕ್ರೂ ಸಡಿಲಿಸಿದನೋ, ಇರುವ ನೀರೆಲ್ಲ ಸೋರಿಹೋಗುತ್ತದೆ. ಆಮೇಲೆ ನೀನು ಬರೀ ಟೊಳ್ಳು ಕಬ್ಬಿಣ."

ರೇಡಿಯೇಟರ್ ಕೇಳಿತು: "ಏನು ಮಾಡಲಿ?"

"ಹಲ್ಲು ಕಚ್ಚಿ ಹಿಡಿದುಕೋ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ಪುಟ್ಟ ಸ್ಕ್ರೂ ಬೇಡಿಕೊಂಡಿತು: "ಅಣ್ಣಾ, ನನ್ನನ್ನು ಅರ್ಧ ಸುತ್ತು ತಿರುಗಲು ಬಿಡು. ಮೊದಲು ಹೊರಬೀಳುವುದು ಯಾರೆಂದು ನೀನೇ ನೋಡು."

ರೇಡಿಯೇಟರಿಗೆ ಅಷ್ಟು ಧೈರ್ಯ ಸಾಲಲಿಲ್ಲ. ತುಕ್ಕು ಹಿಡಿದ ಹಲ್ಲುಗಳಿಂದ ಸ್ಕ್ರೂವನ್ನು ಕಚ್ಚಿ ಹಿಡಿಯಿತು. ರಿಪೇರಿಯವನು ಆ ಚಳಿಯಲ್ಲೂ ಬೆವರುವಷ್ಟು ಕೀಲಿ ತಿರುವಿದ. ಸ್ಕ್ರೂ ಜಗ್ಗಲಿಲ್ಲ.

"ಅಮ್ಮಾ, ಇದರ ಕಥೆ ಮುಗಿಯಿತು. ಬೇರೆ ಹಾಕೋಣ" ಎಂದವನೇ ಅವನು ಕೊಳವೆಗಳನ್ನು ಮುಚ್ಚಿ, ರೇಡಿಯೇಟರನ್ನು ಕಳಚಿ, ಅಂಗಳಕ್ಕೆ ಹೊತ್ತೊಯ್ದು ಹಿಮದ ಮೇಲೆ ಮಗುಚಿದ. ನೀರು ಗಳಗಳನೆ ಸುರಿದು ಖಾಲಿಯಾಯಿತು.

"ಗಾಳಿಯಣ್ಣಾ, ನನ್ನೊಳಗೆ ಯಾರೂ ಉಳಿಯಲಿಲ್ಲವಲ್ಲ!" ಎಂದು ರೇಡಿಯೇಟರ್ ಕಿರುಚಿತು.

ಗಾಳಿ ಆಗಲೇ ತಲೆಯಿಂದ ಕಾಲಿನವರೆಗೂ ತುಂಬಿಕೊಂಡಿತ್ತು. "ಹೆದರಬೇಡ," ಎಂದಿತು, "ನಾನಿದ್ದೇನಲ್ಲ."