ಗಂಟಿನ ಕೊಳಗ

ಒಂದಾನೊಂದು ಕಾಲದಲ್ಲಿ, ಅಂದರೆ ಸಂತೆಯಲ್ಲಿ ಮನುಷ್ಯರ ಮಾತಿಗಿಂತ ಮರದ ಕೊಳಗದ ಮಾತಿಗೇ ಬೆಲೆ ಇದ್ದ ಕಾಲದಲ್ಲಿ, ಹಗರೂರು ಅಂತ ಒಂದು ಪೇಟೆ ಇತ್ತಂತೆ. ಅಲ್ಲಿ ವೀರಾಚಾರಿ ಅಂತ ಒಬ್ಬ ಬಡಗಿ, ಅವನ ಹೆಂಡತಿ ಕಾಳಮ್ಮ. ಪೇಟೆಯವರು ರಾಗಿ, ಭತ್ತ ಅಳೆಯೋ ಕೊಳಗ ಇರುತ್ತಲ್ಲ ಮಗಾ, ಅದನ್ನು ಕೊರೆದುಕೊಡೋದು ತಲೆತಲಾಂತರದಿಂದ ಆ ಮನೆಯವರ ಕೆಲಸವಂತೆ.

ಒಂದು ಮಳೆಗಾಲ ವೀರಾಚಾರಿ ಅವಸರಕ್ಕೆ ಬಿದ್ದು ಹಸಿ ಮರದಲ್ಲೇ ಕೊಳಗ ಮಾಡಿಕೊಟ್ಟನಂತೆ. ಮಳೆ ಇರೋವರೆಗೂ ಅಳತೆ ಸರಿಯಾಗೇ ಇತ್ತಂತೆ, ಆಮೇಲೆ ಕಾರ್ತೀಕದ ಒಣಗಾಳಿ ಬೀಸಿದ್ದೇ ತಡ ಮರ ಕುಗ್ಗಿ ಕೊಳಗ ಸಣ್ಣದಾಯಿತಂತೆ, ರಾಗಿ ಕೊಂಡವರ ಚೀಲಗಳೆಲ್ಲ ಹಗುರಾದವಂತೆ. ಜನ ಚಾವಡಿಗೆ ಹೋದರಂತೆ. ಪೇಟೆಯ ಯಜಮಾನ ಬಸವಂತಶೆಟ್ಟಿ, ಅವನನ್ನು ಎಲ್ಲರೂ ಪಟ್ಟಣಶೆಟ್ಟಿ ಅಂತಲೇ ಕರೀತಿದ್ದರು, ಕೊಳಗ ತರಿಸಿದ. ಚಾವಡಿಯ ಮುಂದೆ ಬಂಡೆಯಲ್ಲಿ ಕೊರೆದ ಒಂದು ಕುಳಿ ಇತ್ತಂತೆ, ಪೇಟೆಗೆಲ್ಲ ಅದೇ ತಾಯಿ ಅಳತೆ. ಕೊಳಗದ ರಾಗಿ ಸುರಿದು ನೋಡಿದರೆ ಕುಳಿ ತುಂಬಲೇ ಇಲ್ಲವಂತೆ.

ವೀರಾಚಾರಿ ಕೈಮುಗಿದು, ಬೇಕು ಅಂತ ಮಾಡಿದ್ದಲ್ಲ ಸ್ವಾಮಿ ಅಂದನಂತೆ. ಅದಕ್ಕೆ ಶೆಟ್ಟಿ, ಬೇಕು ಅಂತ ಮಾಡಿದ್ದರೂ ರಾಗಿ ಇಷ್ಟೇ ಕಮ್ಮಿ, ಮರೆತು ಮಾಡಿದ್ದರೂ ಇಷ್ಟೇ ಕಮ್ಮಿ, ತಿನ್ನೋನ ಹೊಟ್ಟೆಗೆ ಎರಡೂ ಒಂದೇ ಅಂದನಂತೆ. ಅಳತೆ ಕಮ್ಮಿ ಮಾಡಿದವನ ಬಲಗೈ ಹೆಬ್ಬೆರಳು ತೆಗೆಯೋದು ಆ ಪೇಟೆಯ ಕಟ್ಟಳೆ. ಹೆಬ್ಬೆರಳು ಹೋದ ಬಡಗಿ ಉಳಿ ಹಿಡಿಯೋದು ಹೇಗೆ, ಹೆಂಡತಿಯನ್ನ ಸಾಕೋದು ಹೇಗೆ? ತಾಳು, ಕತ್ತರಿಸಿಲ್ಲ ಇನ್ನೂ. ಕಟ್ಟಳೆಗೆ ಒಂದು ಕಿಂಡಿ ಇತ್ತಂತೆ. ಬರೋ ಯುಗಾದಿಯೊಳಗೆ ಅದೇ ಮನೆಯವರು, ನೀರಿಗೂ ಬಿಸಿಲಿಗೂ ಬದಲಾಗದ ಕೊಳಗ ತಂದೊಪ್ಪಿಸಿದರೆ ಬೆರಳು ಉಳೀತು, ಇಲ್ಲದಿದ್ದರೆ ಇಲ್ಲ. ಅಲ್ಲಿವರೆಗೆ ಬಡಗಿ ಚಾವಡಿಯ ಕೋಣೆಯಲ್ಲಿ.

ಕಾಳಮ್ಮ ಅಳುತ್ತಾ ಕೂರಲಿಲ್ಲವಂತೆ. ಅತ್ತರೆ ಮರ ಒಣಗುತ್ತದೆಯೆ? ಸೀದಾ ಮರದ ಮಂಡಿಗೆ ಹೋದಳಂತೆ. ಮೂರು ಮಂಡಿಯವರೂ ತಲೆ ಎತ್ತಲಿಲ್ಲವಂತೆ. ಚಾವಡಿ ಹತ್ತಿದವನ ಮನೆಗೆ ಮರ ಕೊಟ್ಟರೆ ನಾಳೆ ನಮ್ಮನ್ನೂ ಕರೀತಾರೆ ತಾಯಿ, ನೀನು ಬೇರೆ ಕಡೆ ನೋಡು ಅಂದರಂತೆ.

ಬೇರೆ ಕಡೆ ಅಂದರೆ ಅವಳ ಹಿತ್ತಲೊಂದೇ. ಹಿತ್ತಲಲ್ಲಿ ಮೂರು ಮರ, ಒಂದು ಬೇವು, ಒಂದು ಹುಣಸೆ, ಒಂದು ಹಲಸು. ಅಂಥ ವಿಕಾರದ ಮರ ಆ ಸೀಮೆಯಲ್ಲೇ ಇರಲಿಲ್ಲವಂತೆ. ಮಾವನ ಕಾಲದಿಂದಲೂ ಆ ಮನೆಯಲ್ಲಿ ಒಂದು ಪದ್ಧತಿ, ಹೊಸದಾಗಿ ಸಾಣೆ ಹಿಡಿದ ಬಾಚಿಯ ಮೊದಲ ಏಟು ಹಿತ್ತಲ ಮರಕ್ಕೆ. ಏಟು ಬಿದ್ದಲ್ಲೆಲ್ಲ ಮರ ಗಾಯ ಮುಚ್ಚೋಕೆ ಗಂಟು ಕಟ್ಟಿಕೊಂಡು, ಗಂಟಿನ ಮೇಲೆ ಗಂಟು ಬೆಳೆದು, ಕುಂಬಳಕಾಯಿ ಗಾತ್ರದವು, ಹರವಿ ಗಾತ್ರದವು ಕಾಂಡದ ತುಂಬ ನೇತಾಡ್ತಿದ್ದವಂತೆ. ಗಂಟು ಒಲೆಗೆ, ನೇರ ಮರ ಕೆಲಸಕ್ಕೆ ಅಂತ ವೀರಾಚಾರಿ ಅದನ್ನು ಕೊಳಗಕ್ಕೆ ಅಂತ ಮುಟ್ಟಿಯೇ ಇರಲಿಲ್ಲ. ಆದರೆ ಕಾಳಮ್ಮ ಆ ಒಲೆ ಉರಿಸಿದವಳಲ್ಲವೆ, ಅವಳಿಗೆ ಒಂದು ಗೊತ್ತಿತ್ತಂತೆ. ನೇರ ಸೌದೆ ಒಂದೇ ಏಟಿಗೆ ಸೀಳುತ್ತೆ, ಗಂಟು ಹತ್ತು ಏಟಿಗೂ ಸೀಳಲ್ಲ. ಅದರ ನಾರಿಗೆ ದಿಕ್ಕೇ ಇಲ್ಲ. ದಿಕ್ಕಿಲ್ಲದ್ದು ಒಂದೇ ಕಡೆಗೆ ಕುಗ್ಗೋದು ಹೇಗೆ ಅಂತ ಯೋಚನೆ ಮಾಡಿದಳಂತೆ.

ಮೊದಲು ಬೇವಿಗೆ ಗರಗಸ ಹಾಕಿದಳು. ಎಲ್ಲಕ್ಕಿಂತ ದೊಡ್ಡ ಗಂಟು ಅದರಲ್ಲೇ ಇತ್ತಂತೆ. ಅರ್ಧ ಕೊಯ್ದಾಗ ಕಿರ್ರ್ ಅಂತು, ಗರಗಸದ ಏಳು ಹಲ್ಲು ಒಂದೇ ಸಲಕ್ಕೆ ಉದುರಿದವು. ಯಾವ ಕಾಲದಲ್ಲೋ ದನ ಕಟ್ಟೋಕೆ ಹೊಡೆದ ಕಬ್ಬಿಣದ ಗೂಟವನ್ನು ಮರ ನುಂಗಿಕೊಂಡು ಬಿಟ್ಟಿತ್ತಂತೆ. ಹಿತ್ತಲ ಮರಕ್ಕೆ ಬುದ್ಧಿವಂತರು ಗರಗಸ ಹಾಕಲ್ಲ ಅನ್ನೋದು ಅದಕ್ಕೇ. ಅರದಿಂದ ಹೊಸ ಹಲ್ಲು ತೀಡಿ, ಇನ್ನೊಂದು ಪಕ್ಕದಿಂದ ಕೊಯ್ದು ಕೆಳಗಿಳಿಸಿದರೆ ಒಳಗೆಲ್ಲ ಟೊಳ್ಳು, ಗೆದ್ದಲ ಮಣ್ಣು. ಹದಿನೈದು ದಿನ ದಂಡ.

ಆಮೇಲೆ ಹುಣಸೆ. ಈ ಸಲ ಮೊದಲು ಕೊಡತಿಯಿಂದ ತಟ್ಟಿ, ಶಬ್ದ ಕೇಳಿ, ಗಟ್ಟಿ ಅಂತ ಗೊತ್ತಾದ ಮೇಲೆ ಕೊಯ್ದಳಂತೆ. ಒಳ್ಳೆ ಗಂಟು, ಒಳಗೆ ನವಿಲುಗರಿಯ ಹಾಗೆ ಕಣ್ಣು ಕಣ್ಣು. ಸುತ್ತ ದಪ್ಪ ಬಿಟ್ಟು ಒಳಗನ್ನು ತೋಡಿ, ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಬಿಸಿಲಿಗಿಟ್ಟಳು. ಮೂರನೇ ದಿನ ಹಿಟ್ಟು ಬೀಸ್ತಾ ಕೂತಿದ್ದವಳಿಗೆ ಮೇಲಿಂದ ಟಪ್ ಅಂತ ಸದ್ದು. ಹತ್ತಿ ನೋಡಿದರೆ ಬೆರಳು ತೂರುವಷ್ಟು ಬಿರುಕು. ಗಂಡ ಮಾಡಿದ ತಪ್ಪನ್ನೇ ಇನ್ನೊಂದು ದಾರಿಯಿಂದ ಹೋಗಿ ತಾನೂ ಮಾಡಿದ್ದಳು. ಅವನು ಒಣಗಿಸಲೇ ಇಲ್ಲ, ಇವಳು ಓಡಿಸಿ ಒಣಗಿಸಿದಳು.

ಪಕ್ಕದ ಮನೆಯ ಬೋರಕ್ಕ ಅವಲಕ್ಕಿ ಮಾಡಿ ಮಾರೋಳು. ಬೇಲಿ ಮೇಲಿಂದ ಬಿರುಕು ನೋಡಿ ನಕ್ಕಳಂತೆ. ಅಲ್ವೇ ಕಾಳಿ, ಹಸಿ ಭತ್ತ ಸೀದಾ ಬಾಣಲಿಗೆ ಹಾಕಿದರೆ ಸಿಡಿಯುತ್ತೆ, ಬಿಸಿನೀರಲ್ಲಿ ನೆಂದ ಭತ್ತ ಹೇಳಿದ ಮಾತು ಕೇಳುತ್ತೆ, ಮರಕ್ಕೇನು ಬೇರೆ ಶಾಸ್ತ್ರವೇ ಅಂದಳಂತೆ. ಕಾಳಮ್ಮ ಅವಳ ಮುಖವನ್ನೇ ನೋಡಿ, ಅಕ್ಕ, ನಿನ್ನ ದೊಡ್ಡ ಹಂಡೆ ಒಂದು ದಿನಕ್ಕೆ ಕೊಡು ಅಂದಳಂತೆ.

ಬೇವು, ಹುಣಸೆಯ ಮಿಕ್ಕ ಗಂಟುಗಳನ್ನು ತಟ್ಟಿದರೆ ಎಲ್ಲ ಟೊಳ್ಳು ಸದ್ದು, ಉಳಿದದ್ದು ಹಲಸೊಂದು. ಅದರಲ್ಲಿ ಕೊಳಗಕ್ಕಾಗೋ ಗಂಟು ಒಂದೇ ಒಂದು, ಅದೂ ಬುಡದಲ್ಲಿ, ಅರ್ಧ ಮಣ್ಣೊಳಗೆ. ಮರವೋ ಮನೆ ಕಡೆಗೇ ಒರಗಿತ್ತು. ಬುಡದ ಗಂಟು ತೆಗೆದರೆ ಸೂರಿನ ಮೇಲೆ ಬಿದ್ದರೂ ಬೀಳಬಹುದು. ಕಾಳಮ್ಮ, ಬೋರಕ್ಕ ಇಬ್ಬರೂ ಸೇರಿ ಬಾವಿ ಹಗ್ಗ, ಎತ್ತಿನ ಹಗ್ಗ ಎಲ್ಲ ಕಟ್ಟಿ ಹಲಸನ್ನು ಹುಣಸೆಗೆ ಬಿಗಿದು, ಬುಡ ಅಗೆದು, ಕಲ್ಲು ಕಿತ್ತು, ನಾಲ್ಕು ದಿನ ಕೊಯ್ದರಂತೆ. ಒಂದೊಂದು ಎಳೆತಕ್ಕೂ ಹಗ್ಗ ಕಿರುಗುಟ್ಟೋದು. ಮರ ಬೀಳಲಿಲ್ಲ, ಗಂಟು ಬಂತು. ಗಂಟಿನಲ್ಲಿ ಗೂಟ ಇರಲಿಲ್ಲ, ಗೆದ್ದಲಿರಲಿಲ್ಲ.

ಆಮೇಲೆ ಸುತ್ತ ದಪ್ಪ ಬಿಟ್ಟು ಒಳಗೆ ತೋಡಿ, ಹಂಡೆಯಲ್ಲಿ ಬೆಳಗಿಂದ ಸಂಜೆವರೆಗೆ ಬೇಯಿಸಿ, ಅದೇ ನೀರಲ್ಲೇ ಆರಲು ಬಿಟ್ಟು, ನೆಲ ತೋಡಿ ಭತ್ತದ ಹೊಟ್ಟಲ್ಲಿ ಬೋರಲಾಗಿ ಹೂತಳಂತೆ. ಪ್ರತಿ ಸೋಮವಾರ ಹೊರಗೆ ತೆಗೆದು ತಕ್ಕಡಿಗೆ ಹಾಕೋದು, ಆ ಕಡೆ ಕಲ್ಲು ಇಡೋದು. ನೀರು ಹೋದ ಹಾಗೆ ಗಂಟು ಹಗುರ, ಪ್ರತಿ ವಾರ ಒಂದೆರಡು ಕಲ್ಲು ತೆಗೀಬೇಕು. ಯಾವ ವಾರ ಒಂದೂ ಕಲ್ಲು ತೆಗೆಯೋ ಹಾಗಿಲ್ಲವೋ ಆ ವಾರ ಒಣಗಿತು ಅಂತ ಲೆಕ್ಕ.

ಪುಷ್ಯ ಹೋಯಿತು, ಕಲ್ಲು ತೆಗೆದಳು. ಮಾಘ ಹೋಯಿತು, ತೆಗೆದಳು. ಫಾಲ್ಗುಣ ಬಂತು, ಇನ್ನೂ ತೆಗೀತಾನೇ ಇದ್ದಾಳೆ. ಚಾವಡಿಯಿಂದ ಆಳು ಬಂದು ಎಲ್ಲಿ ಕೊಳಗ ಅಂತ ಕೇಳಿದ. ಬೆಂದಿದೆ, ಆರಿಲ್ಲ ಅಂದಳಂತೆ. ಅವನು ತಲೆ ಕೆಟ್ಟಿದೆ ಅಂತ ಹೋಗಿ ಹೇಳಿದ. ಊಟ ಕೊಡೋಕೆ ಹೋದಾಗ ವೀರಾಚಾರಿ ಕಿಟಕಿ ಸರಳು ಹಿಡಿದು, ಸಾಕು ಕಣೇ, ಒಳಗೆ ಅಳತೆಗೆ ಕೊರೆದುಬಿಡು, ದಿನ ಇಲ್ಲ ಅಂತ ಬೇಡಿಕೊಂಡನಂತೆ. ಅವಳು ಬುತ್ತಿ ಒಳಗೆ ತಳ್ಳಿ,

“ಒಂದು ಮನೆಗೆ ಅವಸರ ಒಂದು ಸಲ ಸಾಕು. ಉಣ್ಣಿ,” ಅಂದಳಂತೆ.

ಬಾಯಲ್ಲಿ ಹಾಗಂದರೂ ಬರೋ ದಾರಿಯಲ್ಲೆಲ್ಲ ಉಳಿದ ದಿನ ಎಣಿಸ್ತಾ ಬಂದಳಂತೆ. ಆ ಸೋಮವಾರವೂ ಒಂದು ಕಲ್ಲು ತೆಗೀಬೇಕಾಯಿತು. ಅದರ ಮುಂದಿನ ಸೋಮವಾರ, ಯುಗಾದಿಗೆ ಐದೇ ದಿನ ಇರುವಾಗ, ತಕ್ಕಡಿ ಎತ್ತಿದಳು. ಮುಳ್ಳು ಅಲ್ಲಾಡಿತು, ಅಲ್ಲಾಡಿತು, ನಿಂತಿತು. ಕಲ್ಲು ತೆಗೆಯೋ ಹಾಗಿರಲಿಲ್ಲ.

ಆಮೇಲೆ ಐದು ದಿನ ಬಾಚಿ, ಉಳಿ. ಚಾವಡಿಯ ಕುಳಿಯಲ್ಲಿ ಅಳೆದ ರಾಗಿ ಗಂಟುಕಟ್ಟಿ ತಂದಿಟ್ಟುಕೊಂಡು, ಸುರಿದು ನೋಡೋದು, ಕೊರೆಯೋದು. ಆದರೆ ಗಂಟಿನ ನಾರು ಅವಳ ಕೈಯ ಉಳಿಗೆ ಬಗ್ಗದು, ಹೇಗೆ ಹಿಡಿದರೂ ಚಕ್ಕೆ ಚಕ್ಕೆ ಕಿತ್ತುಬರೋದು. ಹೆರೆಯೋಕೆ ಬಾಗಿದ ಚೂಪು ಬೇಕು. ಮನೆಯಲ್ಲಿ ಅಂಥದ್ದು ಏನಿದೆ? ಎಡಗೈ ಬಳೆಗಳನ್ನ ಒರಳಿಗೆ ತಟ್ಟಿ ಒಡೆದಳಂತೆ. ಬೀದಿಯ ಹೆಂಗಸರು ಹೌಹಾರಿ, ಗಂಡ ಇರುವಾಗಲೇ ಬಳೆ ಒಡಕೊಂಡಳಲ್ಲ ಮೂದೇವಿ ಅಂದರಂತೆ. ಕಾಳಮ್ಮ ಬಳೆಚೂರಲ್ಲಿ ಹೆರೆದಳು, ಬಲಗೈ ಬೆರಳೆಲ್ಲ ರಕ್ತ. ಎಲ್ಲಿಗೆ ನಿಲ್ಲಿಸಬೇಕು ಅಂತ ಮನಸ್ಸಲ್ಲಿ ಇಟ್ಟುಕೊಂಡಿದ್ದಳೋ ಅಲ್ಲಿಗೆ ನಿಲ್ಲಿಸಿದಳಂತೆ.

ಯುಗಾದಿ ದಿನ ಪೇಟೆಯೆಲ್ಲ ಚಾವಡಿ ಮುಂದೆ. ಒಂದು ಕಡೆ ವೀರಾಚಾರಿ, ಅವನ ಮುಂದೆ ದಿಮ್ಮಿ, ದಿಮ್ಮಿಯ ಮೇಲೆ ಮಚ್ಚು. ಶೆಟ್ಟಿ ಕೊಳಗಕ್ಕೆ ರಾಗಿ ತುಂಬಿಸಿ, ಬಾಯಿ ಸವರಿಸಿ, ಕಲ್ಲ ಕುಳಿಗೆ ಸುರಿಸಿದ. ಕುಳಿ ತುಂಬಿ ಒಂದು ಹಿಡಿ ರಾಗಿ ಹೊರಗೆ ಚೆಲ್ಲಿತು. ಹೋಯಿತು ಬೆರಳು ಅಂದರಂತೆ ಜನ. ವೀರಾಚಾರಿ ಕಣ್ಣು ಮುಚ್ಚಿಕೊಂಡ. ಶೆಟ್ಟಿ ಚೆಲ್ಲಿದ ಹಿಡಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟು, ಪರೀಕ್ಷೆ ಮುಗಿದಿಲ್ಲ, ನೀರಿಗೆ ಹಾಕಿ ಅಂದನಂತೆ.

ಒಂದು ಹಗಲು ಒಂದು ರಾತ್ರಿ ಕೊಳಗ ನೀರಲ್ಲಿತ್ತು. ತೆಗೆದು ಒರೆಸಿ ಅಳೆದರು. ಕುಳಿ ತುಂಬಿ ಹೊರಗೆ ಚೆಲ್ಲಿದ್ದು ಅದೇ ಒಂದು ಹಿಡಿ. ಆಮೇಲೆ ಮೂರು ಹಗಲು ಕಾದ ಬಂಡೆಯ ಮೇಲೆ, ಚೈತ್ರದ ಬಿಸಿಲಲ್ಲಿ. ಟಪ್ ಅನ್ನುತ್ತೇನೋ ಅಂತ ಕಾಳಮ್ಮ ಅಲ್ಲೇ ಕೂತು ಕಿವಿಗೊಟ್ಟಿದ್ದಳಂತೆ. ಟಪ್ ಅನ್ನಲಿಲ್ಲ. ನಾಲ್ಕನೇ ದಿನ ಅಳೆದರು. ಚೆಲ್ಲಿದ್ದು ಮತ್ತೆ ಒಂದು ಹಿಡಿ. ಶೆಟ್ಟಿ ಮೂರು ಹಿಡಿಯನ್ನೂ ಚಿನ್ನ ತೂಗೋ ತಕ್ಕಡಿಗೆ ಹಾಕಿಸಿದ, ಮೂರೂ ಒಂದೇ ತೂಕವಂತೆ.

ಬದಲಾಗಿಲ್ಲ, ಅದು ಸರಿ, ಆದರೆ ಒಂದು ಹಿಡಿ ಹೆಚ್ಚಿದೆಯಲ್ಲ ತಾಯಿ, ತಪ್ಪು ತಪ್ಪೇ ಅಂದನಂತೆ ಶೆಟ್ಟಿ. ಕಾಳಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಹೆಚ್ಚಿದ್ದನ್ನ ಹೆರೆಯಬಹುದು ಶೆಟ್ಟರೆ, ಕಮ್ಮಿಯಾದದ್ದಕ್ಕೆ ಅಂಟಿಸೋಕಾಗಲ್ಲ. ಅದಕ್ಕೇ ಅಂಚನ್ನ ಒಂದು ಭತ್ತದಗಲ ಎತ್ತರ ಬಿಟ್ಟಿದ್ದೀನಿ. ಅಷ್ಟು ಸಣ್ಣಗೆ ಹೆರೆಯೋ ಕೈ ಈ ಪೇಟೆಯಲ್ಲಿ ನನ್ನ ಗಂಡನದೊಂದೇ. ಹೆಬ್ಬೆರಳು ಇದ್ದರೆ ಹೆರೆದುಕೊಡ್ತಾರೆ. ಇಲ್ಲದಿದ್ದರೆ ಹೀಗೇ ಇಟ್ಟುಕೊಂಡು, ಮಾರುವಾಗೆಲ್ಲ ಹಿಡಿ ರಾಗಿ ಹೆಚ್ಚು ಕೊಡ್ತಾ ಹೋಗಿ.”

ಮಾರೋರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಶೆಟ್ಟಿ ಕೊಳಗದ ಅಂಚನ್ನು ಸವರಿ ನೋಡಿ, ಆಮೇಲೆ ದಿಮ್ಮಿ ಮೇಲಿನ ಮಚ್ಚು ತೆಗೆಸಿ ಅಲ್ಲೊಂದು ಉಳಿ ಇಡಿಸಿದನಂತೆ. ವೀರಾಚಾರಿ ಅದೇ ದಿಮ್ಮಿಯ ಮೇಲೆ ಕೂತು, ಎಲ್ಲರೂ ನೋಡ್ತಿರುವಾಗ, ಹೆಬ್ಬೆರಳು ಒತ್ತಿ ಹೆರೆದ. ಅವಸರ ಮಾಡದೆ ಸರಿಯಾಗಿ ಹೆರೆದನಂತೆ. ರಾಗಿ ಸುರಿದರೆ ಕುಳಿ ತುಂಬಿತು, ಒಂದು ಕಾಳೂ ಚೆಲ್ಲಲಿಲ್ಲ.

ಕಮ್ಮಿಯಾದ ರಾಗಿಗೆ ಬದಲು ಆ ವರ್ಷವೆಲ್ಲ ಅವನು ಪೇಟೆಗೆ ಕೂಲಿಯಿಲ್ಲದೆ ಕೊಳಗ ಮಾಡಿಕೊಟ್ಟನಂತೆ, ಅದು ನ್ಯಾಯವೇ. ಬೋರಕ್ಕನಿಗೆ ಹೊಸ ಒನಕೆ ಸಿಕ್ಕಿತು, ಕಾಳಮ್ಮನ ಎಡಗೈಗೆ ಹನ್ನೆರಡು ಹಸಿರು ಬಳೆ. ಹಲಸಿನ ಬುಡಕ್ಕೆ ಮಣ್ಣು, ಸಗಣಿ ಮೆತ್ತಿದರು, ಅದೂ ಬದುಕಿಕೊಂಡಿತು. ಮೂರು ಹಿಡಿ ರಾಗಿಯನ್ನ ಶೆಟ್ಟಿ ವಾಪಸು ಕೊಟ್ಟನಂತೆ, ಅವಳು ಅಂದು ಮುದ್ದೆ ಮಾಡಿದಳು, ಗಂಡ ಹೆಂಡತಿ ಇಬ್ಬರೂ ಹೊಟ್ಟೆತುಂಬ ಉಂಡು ಮಲಗಿದರಂತೆ. ಅಲ್ಲಿಗೆ ಕತೆ ಮುಗೀತು ಮಗಾ, ಅವರೂ ಮಲಗಿದರು, ನೀನೂ ಮಲಗು.