ಮಡಿವಾಳ ಹಕ್ಕಿ ಮತ್ತು ತೊರಕೆ ಮೀನು

ನಾನು ಮೊದಲ ಸಲ ಊರು ಬಿಟ್ಟದ್ದು ಕಾರಹುಣ್ಣಿಮೆಯ ದಿನ. ಶಾಲೆಯನ್ನು ಅದಕ್ಕೂ ಮುಂಚೆಯೇ ಬಿಟ್ಟಿದ್ದೆ. ಆಮೇಲೆ ಕಾಲು ಎಲ್ಲೂ ನಿಲ್ಲಲಿಲ್ಲ. ಹಾಗೆ ತಿರುಗುತ್ತ ಹೋದ ವರ್ಷ ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿಗೆ ಬಂದು, ಸೋಮಯ್ಯ, ಜಟ್ಟಪ್ಪ ಎಂಬ ಅಣ್ಣತಮ್ಮಂದಿರ ಬಲೆ ಎಳೆಯುವ ಕೆಲಸಕ್ಕೆ ನಿಂತೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ, ಕೇಳಿ ಮಕ್ಕಳೇ.

ಅಲ್ಲಿ ತೊರಕೆ ಎಂಬ ಮೀನಿದೆ. ಮೊರದಷ್ಟು ಅಗಲ, ಬಾಲದಲ್ಲಿ ವಿಷದ ಮುಳ್ಳು. ಮರಳು ಹೊದ್ದು ಸುಮ್ಮನೆ ಮಲಗಿರುತ್ತದೆ. ಅದಕ್ಕೇ ಅಲ್ಲಿಯವರು ನೀರಿನಲ್ಲಿ ಪಾದ ಎತ್ತಿಡುವುದಿಲ್ಲ, ಮರಳು ಸವರಿಕೊಂಡು ನಡೆಯುತ್ತಾರೆ. ಮರಳು ಅಲುಗಿದರೆ ತೊರಕೆ ತನ್ನ ಪಾಡಿಗೆ ಸರಿದುಹೋಗುತ್ತದೆ. ತುಳಿದರೆ ಮಾತ್ರ ಚುಚ್ಚುತ್ತದೆ.

ಅಣ್ಣತಮ್ಮಂದಿರ ಮನೆಯ ನುಗ್ಗೆಮರದಲ್ಲಿ ಒಂದು ಮಡಿವಾಳ ಹಕ್ಕಿ. ಮುಷ್ಟಿಯಷ್ಟೂ ಇಲ್ಲ. ಬೇರೆ ಹಕ್ಕಿ ಹತ್ತಿರ ಬಂದರೆ ಸಾಕು, ಇದು ನನ್ನ ಜಾಗ ಎಂದು ಗಂಟಲು ಹರಿಯುವ ಹಾಗೆ ಹಾಡುತ್ತಿತ್ತು. ಬಂದದ್ದು ಹಾರಿಹೋಗುತ್ತಿತ್ತು. ಜಗಳ ಅಲ್ಲಿಗೇ ಮುಗಿಯುತ್ತಿತ್ತು.

"ಥೂ, ಇದರ ಬಾಯಿಯೇ!" ಎನ್ನುತ್ತಿದ್ದ ಸೋಮಯ್ಯ. "ನಮ್ಮ ಜಟ್ಟಪ್ಪನ್ನ ನೋಡಿ ಕಲೀಬೇಕು. ತುಟಿ ಪಿಟಕ್ಕೆನ್ನೂದಿಲ್ಲ."

ಮಳೆ ಮುಗಿದು ದೋಣಿ ಇಳಿಸುವಾಗ ಸೋಮಯ್ಯ ಚುಕ್ಕಾಣಿಯನ್ನು ತನ್ನ ಹೆಂಡತಿಯ ತಮ್ಮನಿಗೆ ಕೊಟ್ಟ. ಅಪ್ಪನ ಕಾಲದಿಂದಲೂ ಅದು ಜಟ್ಟಪ್ಪನ ಕೈಯಲ್ಲಿತ್ತು. ಜಟ್ಟಪ್ಪ ಏನೂ ಅನ್ನಲಿಲ್ಲ, ಹಗ್ಗ ಸುತ್ತುತ್ತ ನಿಂತ. ಸೋಮಯ್ಯ ಕೇಳಲೂ ಇಲ್ಲ.

ಶಿವರಾತ್ರಿ ಕಳೆದ ಮೇಲೆ ಸೋಮಯ್ಯನ ಮಗಳು ನಾಗವೇಣಿಯನ್ನು ನೋಡಲು ಗಂಡಿನವರು ಬಂದರು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ವೀಳ್ಯ ಬದಲಾಯಿಸುವ ಹೊತ್ತಿಗೆ ಗಂಡಿನ ಅಪ್ಪ ನಗುತ್ತ, "ಚಿಕ್ಕಪ್ಪ ಮಾತೇ ಆಡಲಿಲ್ಲವಲ್ಲ!" ಎಂದ.

ಜಟ್ಟಪ್ಪ ತಲೆಯೆತ್ತಲಿಲ್ಲ. "ಒಡಹುಟ್ಟಿದವನನ್ನೇ ಮೂಲೆಗೆ ತಳ್ಳಿದ ಮನೆ ಇದು. ಬೀಗರನ್ನ ಬಿಟ್ಟೀತಾ? ನೋಡಿಕೊಂಡು ಹೆಣ್ಣು ತಗೊಳ್ಳಿ."

ಬಂದವರು ವೀಳ್ಯ ಮುಟ್ಟದೆ ಎದ್ದುಹೋದರು.

"ಅವತ್ತೇ ಒಂದು ಮಾತು ಹೇಳಿದ್ರೆ ಚುಕ್ಕಾಣಿ ನಿನಗೇ ಕೊಡ್ತಿದ್ದೆ ಅಲ್ಲವೇನೋ, ತಮಾ!"

"ನೀನೇ ಕೇಳ್ತೀಯ ಅಂತ ಕಾದೆ, ಅಣ್ಣಾ."

ನಾಗವೇಣಿ ಮುಡಿದ ಹೂ ಕಿತ್ತು ಇಬ್ಬರ ನಡುವೆ ಇಟ್ಟಳು. "ಈಗ ಮಾತಾಡಿ. ಬೇಕಾದಷ್ಟು ಮಾತಾಡಿ."

ಮರುದಿನ ಜಟ್ಟಪ್ಪ ಗಂಡಿನವರ ಮನೆಗೆ ಹೋಗಿ ಕಾಲು ಹಿಡಿದ. ಅವರು ಮನಸ್ಸು ಬದಲಾಯಿಸಲಿಲ್ಲ.

ಇವತ್ತು ನಾನು ಗಂಟು ಕಟ್ಟುತ್ತಿದ್ದೇನೆ, ಮುಂದಿನ ಊರಿಗೆ. ನುಗ್ಗೆಮರದಲ್ಲಿ ಮಡಿವಾಳ ಕೂಗುತ್ತಿದೆ. ಸೋಮಯ್ಯ ಅದನ್ನು ಬೈಯುತ್ತಿಲ್ಲ.

ನೀತಿ: ನೋವಾದರೆ ಹಕ್ಕಿಯ ಹಾಗೆ ಅಂದೇ ಬಾಯಿಬಿಟ್ಟು ಹೇಳಿ. ಹೂತಿಟ್ಟ ನೋವು ಕೊನೆಗೆ ಚುಚ್ಚುವುದು ಏನೂ ಅರಿಯದವರನ್ನು. ಮನೆಯಲ್ಲಿ ಮಾತಿಲ್ಲದವರಿದ್ದರೆ, ಅವರ ಬಳಿ ಮರಳು ಸವರಿಕೊಂಡು ನಡೆಯಿರಿ.